ನಂಬಿಕೆಗೆ ಅರ್ಹಳು ಯಾರು? — ಅತ್ಯಾಚಾರದ ವಿಚಾರಣೆ ಮತ್ತು ಸಾಕ್ಷ್ಯದ ಜಾತಿ

ಕೋರ್ಟಿನ ತೀರ್ಪನ್ನು ನಾವು ಸಾಮಾನ್ಯವಾಗಿ ಅದರ ಕೊನೆಯ ಸಾಲಿನಿಂದ ಓದುತ್ತೇವೆ. ಶಿಕ್ಷೆಯಾಯಿತೋ, ಖುಲಾಸೆಯಾಯಿತೋ? ಶಿಕ್ಷೆಯಾದರೆ ಪಟಾಕಿ, ಖುಲಾಸೆಯಾದರೆ ಧಿಕ್ಕಾರದ ಕರಪತ್ರ. ಅಲ್ಲಿಗೆ ನಮ್ಮ ಓದು ಮುಗಿಯುತ್ತದೆ. ಆದರೆ ತೀರ್ಪಿನ ಜೀವ ಇರುವುದು ನಡುವಿನ ಪುಟಗಳಲ್ಲಿ. ಒಬ್ಬ ಹೆಣ್ಣುಮಗಳು ಹೇಳಿದ ಮಾತನ್ನು ನ್ಯಾಯಾಧೀಶರು ಯಾಕೆ ನಂಬಿದರು ಅಥವಾ ಯಾಕೆ ನಂಬಲಿಲ್ಲ ಎಂಬುದನ್ನು ಅಲ್ಲಿ ಬರೆದಿರುತ್ತಾರೆ. ಕತೆ ಕಾದಂಬರಿಗಳಲ್ಲಿ ಜಾತಿ ಹೇಗೆ ಅಡಗಿ ಕೂತಿರುತ್ತದೆ ಎಂದು ಹುಡುಕಿ ತೋರಿಸುವುದನ್ನು ದಲಿತ ವಿಮರ್ಶೆ ನಮಗೆ ಕಲಿಸಿದೆ. ಅದೇ ಕಣ್ಣನ್ನು ತೀರ್ಪುಗಳ ಮೇಲೂ ಹಾಯಿಸಬೇಕು ಎಂಬುದು ಈ ಬರಹದ ಆಸೆ. ತೀರ್ಪೂ ಒಂದು ಪಠ್ಯವೇ. ಅದರಲ್ಲೂ ಪಾತ್ರಗಳಿವೆ, ನಿರೂಪಕನಿದ್ದಾನೆ, ಲೋಕದೃಷ್ಟಿಯೊಂದಿದೆ. ಒಂದೇ ವ್ಯತ್ಯಾಸ: ಈ ಪಠ್ಯದ ಕೊನೆಯಲ್ಲಿ ಯಾರೋ ಜೈಲಿಗೆ ಹೋಗುತ್ತಾರೆ, ಇಲ್ಲವೇ ಯಾರೋ ಸುಳ್ಳಿ ಅನ್ನಿಸಿಕೊಂಡು ಅದೇ ಊರಿಗೆ ವಾಪಸು ಹೋಗುತ್ತಾಳೆ.

ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಹುಕಾರನ ಕಡಲೆಕಾಯಿ ಕಳುವಾದರೆ ಪೊಲೀಸರು ಕೇರಿಗೆ ಬರುತ್ತಾರೆ. ಸಾಕವ್ವನ ಕೋಳಿ ಕಳೆದರೆ ಅವಳೇ ಬೀದಿ ಬೀದಿ ಹುಡುಕಬೇಕು. ಯಾರ ನಷ್ಟ ದೂರಾಗುತ್ತದೆ, ಯಾರ ನಷ್ಟ ಬರೀ ಗೋಳಾಟವಾಗುತ್ತದೆ? ಈ ಪ್ರಶ್ನೆಯನ್ನು ಕಾನೂನಿನ ಪುಸ್ತಕಗಳಿಗಿಂತ ಮೊದಲೇ ನಮ್ಮ ಸಾಹಿತ್ಯ ಕೇಳಿತ್ತು. ಅತ್ಯಾಚಾರದ ವಿಚಾರಣೆಗಳಲ್ಲಿ ಇದೇ ಪ್ರಶ್ನೆ ಇನ್ನೂ ಕ್ರೂರವಾಗಿ ಎದ್ದು ನಿಲ್ಲುತ್ತದೆ.

1

ಮೊದಲು ಕಾನೂನಿನ ಲೆಕ್ಕಾಚಾರವನ್ನು ಸರಳವಾಗಿ ತಿಳಿದುಕೊಳ್ಳೋಣ. ಕ್ರಿಮಿನಲ್ ಮೊಕದ್ದಮೆಯಲ್ಲಿ ಆರೋಪಿಯನ್ನು ನಿರಪರಾಧಿ ಎಂದೇ ಭಾವಿಸಿ ವಿಚಾರಣೆ ಶುರುವಾಗುತ್ತದೆ. ಅಪರಾಧವನ್ನು ರುಜುವಾತು ಮಾಡುವ ಹೊಣೆ ಸರ್ಕಾರದ ಪರ ವಕೀಲರದು. ಯೋಗ್ಯವಾದ ಸಂಶಯವೊಂದು ಉಳಿದರೆ ಅದರ ಲಾಭ ಆರೋಪಿಗೆ. ಇದು ಒಳ್ಳೆಯ ನಿಯಮ, ಇದನ್ನು ಬಿಟ್ಟುಕೊಡಬಾರದು; ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಅತ್ಯಾಚಾರದ ವಿಚಾರ ಬಂದಾಗ ತೊಡಕು ಎಲ್ಲಿ? ಬಹುಪಾಲು ಪ್ರಕರಣಗಳಲ್ಲಿ ನೋಡಿದವರು ಯಾರೂ ಇರುವುದಿಲ್ಲ. ನೊಂದಾಕೆಯೇ ದೂರುದಾರಳು, ಆಕೆಯೇ ಮುಖ್ಯ ಸಾಕ್ಷಿ. ಹಾಗಾದರೆ ಅವಳೊಬ್ಬಳ ಮಾತು ಸಾಕೇ? 1951ರಲ್ಲೇ ರಾಮೇಶ್ವರ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಇದಕ್ಕೆ ಉತ್ತರ ಕೊಟ್ಟರು. ಇನ್ನೊಂದು ಪುರಾವೆಯ ಬೆಂಬಲ ಇರಲೇಬೇಕು ಎಂದು ಕಾನೂನು ಹೇಳುವುದಿಲ್ಲ. ಅದು ಎಚ್ಚರಿಕೆಯ ಮಾತು ಮಾತ್ರ, ನ್ಯಾಯಾಧೀಶರ ಮನಸ್ಸಿನಲ್ಲಿ ಆ ಎಚ್ಚರ ಇದ್ದರೆ ಸಾಕು ಎಂದರು. ಆದರೆ ನಡೆದದ್ದು ಬೇರೆ. ಆ 'ಎಚ್ಚರಿಕೆ'ಯೇ ಕೆಳಗಿನ ಕೋರ್ಟುಗಳಲ್ಲಿ ಕಾನೂನಾಗಿ ಕೂತಿತು. ಅವಳ ಮಾತಿನ ಜೊತೆಗೆ ಗಾಯ ಬೇಕು, ಹರಿದ ಸೀರೆ ಬೇಕು, ಕೂಗು ಕೇಳಿಸಿಕೊಂಡವನೊಬ್ಬ ಬೇಕು.

ಆಮೇಲೆ 1983ರ ಭಾರವಾಡ ಭೋಗಿನ್‌ಭಾಯಿ ತೀರ್ಪು, 1996ರ ಗುರ್ಮೀತ್ ಸಿಂಗ್ ತೀರ್ಪು ಬಂದವು. ನೊಂದಾಕೆ ಅಪರಾಧದಲ್ಲಿ ಪಾಲುದಾರಳಲ್ಲ, ಗಾಯಗೊಂಡ ಸಾಕ್ಷಿಗೆ ಇರುವ ತೂಕವೇ ಅವಳ ಮಾತಿಗೂ ಇದೆ, ನಂಬಿಕೆ ಹುಟ್ಟಿಸುವಂತಿದ್ದರೆ ಅವಳೊಬ್ಬಳ ಸಾಕ್ಷ್ಯದ ಮೇಲೆಯೇ ಶಿಕ್ಷೆ ಕೊಡಬಹುದು ಎಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿತು. ಇನ್ನೊಂದು ಸಾಲೂ ಜೊತೆಗೇ ಬೆಳೆಯಿತು. 2012ರ ರಾಯ್ ಸಂದೀಪ್ ತೀರ್ಪು, ಒಬ್ಬಳ ಮಾತಿನ ಮೇಲೇ ನಿಲ್ಲಬೇಕಾದರೆ ಆ ಸಾಕ್ಷಿ ಅಪರಂಜಿಯಂತಿರಬೇಕು ಎಂದಿತು. ಮೊದಲ ಹೇಳಿಕೆಯಿಂದ ಕೊನೆಯ ಪಾಟೀಸವಾಲಿನವರೆಗೆ ಮಾತು ಅಲುಗಬಾರದು, ಉಳಿದೆಲ್ಲ ಪುರಾವೆಗಳೊಂದಿಗೆ ತಾಳೆಯಾಗಬೇಕು.

'ನಂಬಿಕೆ ಹುಟ್ಟಿಸುವಂತಿದ್ದರೆ' — ಇಡೀ ಸಮಸ್ಯೆ ಈ ಎರಡು ಪದಗಳಲ್ಲಿದೆ. ನಂಬಿಕೆ ಯಾರಲ್ಲಿ ಹುಟ್ಟಬೇಕು? ನ್ಯಾಯಾಧೀಶರಲ್ಲಿ. ಅವರ ನಂಬಿಕೆಗಳು ಎಲ್ಲಿ ಹುಟ್ಟಿದವು? ನಾವೆಲ್ಲ ಹುಟ್ಟಿದ ಇದೇ ಸಮಾಜದಲ್ಲಿ. ತಕ್ಕಡಿ ಕಾನೂನಿನದೇ ಇರಬಹುದು, ತೂಕದ ಕಲ್ಲುಗಳನ್ನು ಮಾತ್ರ ಊರಿನಿಂದಲೇ ತಂದಿರುತ್ತಾರೆ.

2

ಮೊದಲನೆಯ ಕಲ್ಲು ಮೈ. ಮೈ ಮೇಲೆ ಗಾಯ ಇದೆಯೇ?

1972ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಮಥುರಾ ಎಂದು ದೇಶಕ್ಕೆಲ್ಲ ಗೊತ್ತಾದ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ನಡೆಯಿತು. ಅವಳಿಗೆ ಹದಿನಾಲ್ಕರಿಂದ ಹದಿನಾರರ ವಯಸ್ಸು. ಆರೋಪಿಗಳು ಇಬ್ಬರು ಪೊಲೀಸರು. 1974ರಲ್ಲಿ ಸೆಷನ್ಸ್ ಕೋರ್ಟು ಅವಳನ್ನು ಮಹಾ ಸುಳ್ಳಿ ಎಂದು ಕರೆದು, ಲೈಂಗಿಕ ಸಂಪರ್ಕದ ಅಭ್ಯಾಸವಿದ್ದವಳು ಎಂದು ಬರೆದು, ಇಬ್ಬರನ್ನೂ ಬಿಟ್ಟಿತು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಆ ತೀರ್ಪನ್ನು ಮಗುಚಿತು. ಸುಮ್ಮನೆ ಶರಣಾಗುವುದು ಬೇರೆ, ಒಪ್ಪುವುದು ಬೇರೆ ಎಂದು ಹೇಳಿ ಶಿಕ್ಷೆ ಕೊಟ್ಟಿತು. 1978ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಮತ್ತೆ ಮಗುಚಿತು. ಅವಳ ಮೈ ಮೇಲೆ ಗಾಯದ ಗುರುತಿಲ್ಲ. ಆದ್ದರಿಂದ ಪ್ರತಿಭಟಿಸಿದೆ ಎಂಬ ಮಾತು ಸುಳ್ಳು. ನಡೆದದ್ದು ಶಾಂತಿಯುತವಾದ ವ್ಯವಹಾರ. ಹತ್ತಿರದ ಬಂಧುಗಳು ಅಲ್ಲೇ ಇದ್ದಾಗ ಕೈ ಹಿಡಿದವನನ್ನು ಕೊಡವಿ ಕೂಗಿಕೊಳ್ಳಬೇಕಿತ್ತಲ್ಲವೇ ಎಂಬುದು ಕೋರ್ಟಿನ ತರ್ಕ.

ಕೂಗಬೇಕಿತ್ತು. ಯಾರನ್ನು? ಠಾಣೆಯಲ್ಲಿ ಅನ್ಯಾಯವಾದರೆ ಕೂಗಿ ಕರೆಯುವುದು ಪೊಲೀಸರನ್ನೇ ಅಲ್ಲವೇ! ದೀಪ ಆರಿಸಿ ಬಾಗಿಲು ಹಾಕಿಕೊಂಡವರೇ ಅವರು. ಕೂಲಿ ಮಾಡಿ ಬದುಕುವ ಆದಿವಾಸಿ ಹುಡುಗಿಗೆ ಖಾಕಿಯ ಎದುರು ಧ್ವನಿ ಏಳುತ್ತದೆ ಎಂದು ಊಹಿಸಿಕೊಳ್ಳಲು, ಠಾಣೆಯ ಮೆಟ್ಟಿಲನ್ನು ನಡುಗದೆ ಹತ್ತಿದ ಅನುಭವ ಇರಬೇಕು. ಆ ಅನುಭವವನ್ನೇ ಕೋರ್ಟು ಮನುಷ್ಯಸಹಜ ವರ್ತನೆ ಎಂದು ಭಾವಿಸಿತು. ವಿಮರ್ಶೆಯ ಭಾಷೆಯಲ್ಲಿ ಹೇಳುವುದಾದರೆ, ಒಂದು ವರ್ಗದ ಅನುಭವ ಸಾರ್ವತ್ರಿಕ ಅನುಭವದ ವೇಷ ತೊಟ್ಟು ಬಂತು.

1979ರ ಸೆಪ್ಟೆಂಬರ್‌ನಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಅದು ಒಂದು ತೀರ್ಪಿನ ವಿಮರ್ಶೆ. ಸಾಲು ಸಾಲು ಹಿಡಿದು ಮಾಡಿದ ಓದು. ಅದರ ಬೆನ್ನಿಗೆ ಮಹಿಳಾ ಸಂಘಟನೆಗಳು ಬೀದಿಗಿಳಿದವು. 1983ರಲ್ಲಿ ಕಾನೂನು ತಿದ್ದುಪಡಿಯಾಗಿ ಸಾಕ್ಷ್ಯ ಅಧಿನಿಯಮಕ್ಕೆ 114ಎ ಕಲಂ ಸೇರಿತು. ಪೊಲೀಸ್ ವಶದಲ್ಲಿ ನಡೆದ ಅತ್ಯಾಚಾರ, ಸಾಮೂಹಿಕ ಅತ್ಯಾಚಾರದಂಥ ಪ್ರಕರಣಗಳಲ್ಲಿ ಸಂಭೋಗ ನಡೆದದ್ದು ರುಜುವಾತಾಗಿ, ತಾನು ಒಪ್ಪಿರಲಿಲ್ಲ ಎಂದು ಆಕೆ ಕೋರ್ಟಿನಲ್ಲಿ ಹೇಳಿದರೆ, ಒಪ್ಪಿಗೆ ಇರಲಿಲ್ಲ ಎಂದೇ ಕೋರ್ಟು ಭಾವಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದು 120ನೇ ಕಲಂ. ಮೈಯಿಂದ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳು ಎಂದು ತಿಳಿಯಬಾರದು ಎಂಬ ಮಾತು 2013ರ ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಬಂತು. ಅಂದರೆ ಮಥುರಾಳ ಪ್ರಕರಣ ಮುಗಿದು ಮೂವತ್ತೈದು ವರ್ಷಗಳಾದ ಮೇಲೆ.

ಮೈಯನ್ನೇ ಸಾಕ್ಷಿ ಮಾಡುವ ಇನ್ನೊಂದು ಪದ್ಧತಿ ಎರಡು ಬೆರಳಿನ ಪರೀಕ್ಷೆ. ಬೆರಳು ತೂರಿಸಿ ನೋಡಿ 'ಅಭ್ಯಾಸವಿದ್ದವಳು' ಎಂದು ವೈದ್ಯರು ಬರೆಯುತ್ತಿದ್ದರು. ವೈದ್ಯಶಾಸ್ತ್ರದ ಮೊಹರು ಬಿದ್ದ ನಡತೆಯ ಸರ್ಟಿಫಿಕೇಟು ಅದು. 2013ರಲ್ಲಿ ಲಿಲ್ಲು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದು ಆಕೆಯ ಘನತೆ, ಖಾಸಗಿತನಗಳ ಮೇಲಿನ ದಾಳಿ ಎಂದಿತು. 2014ರ ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿ ಇದನ್ನು ಕೈಬಿಡಲು ಹೇಳಿತು. ಆದರೂ ನಿಲ್ಲಲಿಲ್ಲ ಅಂತ ಕಾಣುತ್ತದೆ. ಯಾಕೆಂದರೆ 2022ರ ಅಕ್ಟೋಬರ್‌ನಲ್ಲಿ ಝಾರ್ಖಂಡದ ಪ್ರಕರಣವೊಂದರಲ್ಲಿ, ಈ ಪರೀಕ್ಷೆ ಮಾಡುವವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ ಎಂದು ಕೋರ್ಟು ಮತ್ತೊಮ್ಮೆ ಎಚ್ಚರಿಸಬೇಕಾಯಿತು.

3

ಎರಡನೆಯ ಕಲ್ಲು ನಡತೆ.

ಹಳೆಯ ಸಾಕ್ಷ್ಯ ಅಧಿನಿಯಮದ 155ನೇ ಕಲಮಿನ ನಾಲ್ಕನೇ ಉಪಕಲಂ ಏನು ಹೇಳುತ್ತಿತ್ತು ನೋಡಿ. ಅತ್ಯಾಚಾರದ ಆರೋಪ ಎದುರಿಸುವ ಗಂಡಸು, ದೂರು ಕೊಟ್ಟವಳು ಸಾಮಾನ್ಯವಾಗಿ ನೀತಿಗೆಟ್ಟ ನಡತೆಯವಳು ಎಂದು ತೋರಿಸಿ ಅವಳ ಸಾಕ್ಷ್ಯವನ್ನು ಅಲ್ಲಗಳೆಯಬಹುದು. 1872ರಲ್ಲಿ ಬ್ರಿಟಿಷರು ಬರೆದಿಟ್ಟ ಈ ಸಾಲನ್ನು ತೆಗೆದುಹಾಕಿದ್ದು 2002ರ ತಿದ್ದುಪಡಿ. ಸ್ವಾತಂತ್ರ್ಯ ಬಂದು ಐವತ್ತೈದು ವರ್ಷಗಳ ಕಾಲ ನಮ್ಮ ಕೋರ್ಟುಗಳಲ್ಲಿ ಇದು ಊರ್ಜಿತವಾಗಿತ್ತು.

ಈ ಕಲಂ ಎಲ್ಲ ಹೆಂಗಸರಿಗೂ ಅವಮಾನವೇ. ಆದರೆ ಎಲ್ಲರಿಗೂ ಒಂದೇ ತೂಕದ ಅವಮಾನವಲ್ಲ. ನಮ್ಮ ಉತ್ತರ ಕರ್ನಾಟಕದ ಉದಾಹರಣೆಯನ್ನೇ ತೆಗೆದುಕೊಳ್ಳಿ. ದಲಿತ ಕುಟುಂಬಗಳ ಹುಡುಗಿಯರನ್ನು ದೇವರ ಹೆಸರಿನಲ್ಲಿ ಮುತ್ತು ಕಟ್ಟಿ ಬಿಡುವ ಪದ್ಧತಿಯನ್ನು 1982ರ ಕಾಯಿದೆ ನಿಷೇಧಿಸಿತು. ಮುತ್ತು ಕಟ್ಟಿದವಳ 'ನಡತೆ' ಅವಳು ಆರಿಸಿಕೊಂಡದ್ದಲ್ಲ, ಊರು ಅವಳ ಕೊರಳಿಗೆ ಕಟ್ಟಿದ್ದು. ಅಂಥವಳೊಬ್ಬಳು ಅತ್ಯಾಚಾರದ ದೂರು ಕೊಟ್ಟರೆ ಪಾಟೀಸವಾಲಿನಲ್ಲಿ ವಕೀಲನ ಮೊದಲ ಪ್ರಶ್ನೆ ಏನಿರುತ್ತಿತ್ತು ಎಂದು ಊಹಿಸಲು ಕಾನೂನು ಓದಿರಬೇಕಿಲ್ಲ. ಜಾತಿ ಮೊದಲು ಅವಳನ್ನು ಕೆಡಿಸುತ್ತದೆ. ಆಮೇಲೆ ಕೆಟ್ಟವಳ ಮಾತು ನಂಬಬೇಡಿ ಎಂದು ಕಾನೂನು ಹೇಳುತ್ತದೆ. ಇದು ಒಂದು ವೃತ್ತ. ಹೊರಗೆ ಬರಲು ಬಾಗಿಲಿಲ್ಲ.

ನಡತೆಯ ಪರೀಕ್ಷೆ ಘಟನೆಯ ಹಿಂದಿನದಕ್ಕಷ್ಟೇ ಅಲ್ಲ, ಆ ಹೊತ್ತಿನದಕ್ಕೂ ಆಮೇಲಿನದಕ್ಕೂ ನಡೆಯುತ್ತದೆ. ಗುರ್ಮೀತ್ ಸಿಂಗ್ ಪ್ರಕರಣದ ಹುಡುಗಿ ಪಂಜಾಬಿನ ಹಳ್ಳಿಯವಳು. 1984ರಲ್ಲಿ ಮೆಟ್ರಿಕ್ ಪರೀಕ್ಷೆ ಬರೆದು ಸೋದರಮಾವನ ಮನೆಗೆ ಹೋಗುವಾಗ ಅವಳನ್ನು ಕಾರಿನಲ್ಲಿ ಎತ್ತಿಕೊಂಡು ಹೋದರು. ವಿಚಾರಣಾ ಕೋರ್ಟು ಅವಳ ಮಾತನ್ನು ನಂಬದಿರಲು ಕೊಟ್ಟ ಕಾರಣಗಳಲ್ಲಿ ಒಂದು, ಅವಳಿಗೆ ಫಿಯೆಟ್ಟು ಯಾವುದು ಅಂಬಾಸಿಡರ್ ಯಾವುದು ಗೊತ್ತಿರಲಿಲ್ಲ ಎಂಬುದು! ಸಡಿಲ ನಡತೆಯವಳಿರಬೇಕು ಎಂದೂ ಬರೆಯಿತು. 1996ರಲ್ಲಿ ನ್ಯಾಯಮೂರ್ತಿ ಎ.ಎಸ್. ಆನಂದ್ ಇದನ್ನೆಲ್ಲ ಒರೆಸಿ ಹಾಕಿದರು. ವಿಚಾರಣೆಯಲ್ಲಿರುವುದು ಆರೋಪಿಯೇ ಹೊರತು ಅವಳ ನಡತೆಯಲ್ಲ, ಸಣ್ಣಪುಟ್ಟ ವ್ಯತ್ಯಾಸಗಳನ್ನು ದೊಡ್ಡದು ಮಾಡಬಾರದು, ಮಾನಕ್ಕೆ ಅಂಜುವ ಮನೆಗಳಲ್ಲಿ ದೂರು ತಡವಾಗುವುದು ಸಹಜ, ಇಂಥ ವಿಚಾರಣೆ ಮುಚ್ಚಿದ ಬಾಗಿಲಿನೊಳಗೆ ನಡೆಯಬೇಕು ಎಂದರು. ಹುಡುಗಿಗೆ ನ್ಯಾಯ ಸಿಗುವ ಹೊತ್ತಿಗೆ ಹನ್ನೆರಡು ವರ್ಷ ಕಳೆದಿತ್ತು.

ಇದೆಲ್ಲ ಹಳೆಯ ಕಾಲದ ಕತೆ ಅನ್ನುವಂತಿಲ್ಲ. 2020ರ ಜೂನ್‌ನಲ್ಲಿ ನಮ್ಮದೇ ಕರ್ನಾಟಕ ಹೈಕೋರ್ಟು ಒಂದು ನಿರೀಕ್ಷಣಾ ಜಾಮೀನಿನ ಆದೇಶದಲ್ಲಿ, ಘಟನೆಯ ನಂತರ ದಣಿದು ಮಲಗಿಬಿಟ್ಟೆ ಎಂದ ದೂರುದಾರಳ ವಿವರಣೆ ಭಾರತೀಯ ಹೆಣ್ಣಿಗೆ ತಕ್ಕುದಲ್ಲ, ಕೆಡಿಸಲ್ಪಟ್ಟಾಗ ನಮ್ಮ ಹೆಂಗಸರು ಹೀಗೆ ವರ್ತಿಸುವುದಿಲ್ಲ ಎಂಬ ಅರ್ಥದ ಮಾತು ಬರೆಯಿತು. ಪ್ರತಿಭಟನೆಯಾದ ಮೇಲೆ ಆ ಸಾಲನ್ನು ಆದೇಶದಿಂದ ತೆಗೆದರು. ತೆಗೆದದ್ದು ಒಳ್ಳೆಯದೇ. ಆದರೆ ಆ ಸಾಲು ಬರೆಸಿದ 'ಭಾರತೀಯ ಹೆಣ್ಣು' ಯಾರು? ಅವಳ ಜಾತಿ ಯಾವುದು, ಅವಳು ಎಷ್ಟು ಗಂಟೆಗೆ ಮನೆ ಸೇರುತ್ತಾಳೆ, ಅವಳನ್ನು ಕಾಯಲು ಯಾರಿದ್ದಾರೆ? ಕಬ್ಬಿನ ಗದ್ದೆಗೆ ಕೂಲಿಗೆ ಹೋಗುವವಳು, ನಸುಕಿಗೆದ್ದು ಪೊರಕೆ ಹಿಡಿದು ಬೀದಿಗಿಳಿಯುವ ಪೌರಕಾರ್ಮಿಕಳು, ರಾತ್ರಿ ಪಾಳಿಯ ಗಾರ್ಮೆಂಟ್ಸ್ ಹುಡುಗಿ — ಇವರಿಗೆ ಆ ಚಿತ್ರದೊಳಗೆ ಜಾಗ ಇದೆಯೇ?

4

ಇಲ್ಲೊಂದು ಸೂಕ್ಷ್ಮವಿದೆ. ಹೆಣ್ಣಿನ ಪರವಾಗಿವೆ ಎಂದು ನಾವು ಹೊಗಳುವ ತೀರ್ಪುಗಳಲ್ಲೂ ಜಾತಿಯ ತರ್ಕ ಕೆಲಸ ಮಾಡುತ್ತಿರಬಹುದು.

1983ರ ಭಾರವಾಡ ತೀರ್ಪು ನೊಂದಾಕೆಯ ಮಾತನ್ನು ನಂಬಿ ಎಂದಿತು, ಸರಿ. ಯಾಕೆ ನಂಬಬೇಕು? ಭಾರತದ ಸಂಪ್ರದಾಯಸ್ಥ ಸಮಾಜದಲ್ಲಿ ಯಾವ ಹೆಣ್ಣೂ ತನ್ನ ಶೀಲಕ್ಕೆ ಕಳಂಕ ತರುವ ಸುಳ್ಳನ್ನು ಹೇಳಿಕೊಳ್ಳುವುದಿಲ್ಲ. ಹೇಳಿದರೆ ಗಂಡ, ಬಂಧುಗಳು, ನೆರೆಹೊರೆ ಅವಳನ್ನು ಕೀಳಾಗಿ ಕಾಣುತ್ತಾರೆ. ಮದುವೆಯಾಗದಿದ್ದವಳಿಗೆ ಗಂಡು ಸಿಗುವುದಿಲ್ಲ. ಇಷ್ಟೆಲ್ಲ ಕಳೆದುಕೊಳ್ಳುವ ಭಯವಿದ್ದೂ ಬಂದಿದ್ದಾಳೆಂದರೆ ನಿಜವೇ ಇರಬೇಕು ಎಂಬುದು ವಾದ. ಪಶ್ಚಿಮದ ಹೆಣ್ಣಿಗೆ ಇದು ಅನ್ವಯಿಸದು ಎಂಬ ಹೋಲಿಕೆಯೂ ಅಲ್ಲಿದೆ.

ಈ ವಾದ ಆ ದಿನ ಒಂದು ಪ್ರಕರಣವನ್ನು ಉಳಿಸಿತು. ಆದರೆ ಇದರ ಅಡಿಪಾಯ ಏನು? 'ಮಾನ' ಎಂಬ ಆಸ್ತಿ. ಕಳೆದುಕೊಳ್ಳಲು ಮಾನ ಇದ್ದವಳ ಮಾತಿಗೆ ಬೆಲೆ. ಹಾಗಾದರೆ ಮಾನವೇ ಇಲ್ಲ ಎಂದು ಊರು ತೀರ್ಮಾನಿಸಿರುವವರ ಗತಿ? ನಮ್ಮ ಸಮಾಜದಲ್ಲಿ ಭೂಮಿಯಂತೆ ಮಾನವೂ ಜಾತಿಯ ಪ್ರಕಾರವೇ ಹಂಚಿಕೆಯಾಗಿದೆ. ಮೇಲ್ಜಾತಿಯ ಹೆಣ್ಣಿಗೆ ಅದು ಬೇಲಿ. ಅವಳನ್ನು ಮನೆಯೊಳಗೆ ಕೂಡಿಹಾಕುವ ಬೇಲಿಯೂ ಹೌದು. ಕೇರಿಯ ಹೆಣ್ಣಿಗೆ ಬೇಲಿಯೇ ಇಲ್ಲ, ಆದ್ದರಿಂದ ಯಾರು ಬೇಕಾದರೂ ನುಗ್ಗಬಹುದು ಎಂದು ಊರಗೌಡನ ಮನೆಯವರು ತಿಳಿದಿರುತ್ತಾರೆ. ಮಾನವನ್ನು ಆಧಾರವಾಗಿಟ್ಟುಕೊಂಡು ನಂಬುವ ಕೋರ್ಟು, ಅದೇ ಆಧಾರದ ಮೇಲೆ ನಂಬದೇ ಇರಲೂ ಬಲ್ಲದು.

ಅದು ಹೇಗೆ ಎಂಬುದನ್ನು ತೋರಿಸಿದ್ದು ರಾಜಸ್ಥಾನದ ಭಂವರಿ ದೇವಿ ಪ್ರಕರಣ. ಭಟೇರಿ ಗ್ರಾಮದ ಭಂವರಿ ಕುಂಬಾರ ಜಾತಿಯವಳು, ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ 'ಸಾಥಿನ್'. ಊರಿನ ಪ್ರಬಲ ಗುಜ್ಜರ್ ಕುಟುಂಬವೊಂದು ಮಗುವಿಗೆ ಮಾಡುತ್ತಿದ್ದ ಮದುವೆಯನ್ನು ತಡೆಯಲು ಹೋದದ್ದು ಆಕೆಯ ಕೆಲಸದ ಭಾಗ. 1992ರ ಸೆಪ್ಟೆಂಬರ್ 22ರಂದು ಹೊಲದಲ್ಲಿ ಗಂಡನನ್ನು ಹೊಡೆದು ಕೆಡವಿ ಅವಳ ಮೇಲೆ ಸಾಮೂಹಿಕ ಅತ್ಯಾಚಾರ ಎಸಗಿದರೆಂಬುದು ದೂರು. ವೈದ್ಯಕೀಯ ಪರೀಕ್ಷೆ ಆದದ್ದು 52 ಗಂಟೆಗಳ ನಂತರ. ಪುರಾವೆಗೆಂದು ಠಾಣೆಯಲ್ಲಿ ಅವಳ ಲಂಗವನ್ನೇ ಬಿಚ್ಚಿಸಿಕೊಂಡರು. ಗಂಡನ ರುಮಾಲು ಸುತ್ತಿಕೊಂಡು ಅವಳು ಹೊರಬರಬೇಕಾಯಿತು. 1995ರ ನವೆಂಬರ್‌ನಲ್ಲಿ ಜೈಪುರದ ಸೆಷನ್ಸ್ ಕೋರ್ಟು ಐವರನ್ನೂ ಅತ್ಯಾಚಾರದ ಆರೋಪದಿಂದ ಬಿಟ್ಟಿತು. ತೀರ್ಪಿನ ತರ್ಕಗಳಲ್ಲಿ ಇವು ಇದ್ದವು: ಮೇಲ್ಜಾತಿಯ ಗಂಡಸರು ಕೆಳಜಾತಿಯ ಹೆಂಗಸನ್ನು ಮುಟ್ಟಿ ಮೈಲಿಗೆಯಾಗಲಾರರು, ಚಿಕ್ಕಪ್ಪ-ಮಗ ಸಂಬಂಧದವರು ಜೊತೆಯಾಗಿ ಇಂಥ ಕೆಲಸ ಮಾಡಲಾರರು, ವಯಸ್ಸಾದವರು ಮಾಡಲಾರರು, ಗಂಡನಾದವನು ನೋಡುತ್ತ ನಿಲ್ಲಲಾರ.

ಮೈಲಿಗೆಯ ಈ ವಾದವನ್ನು ಸ್ವಲ್ಪ ನಿಂತು ನೋಡಬೇಕು. ಅಸ್ಪೃಶ್ಯತೆ ಹಗಲಿನ ಕಾನೂನು. ರಾತ್ರಿಗೆ, ಹೊಲದ ಬದುವಿಗೆ ಅದು ಅನ್ವಯಿಸುವುದಿಲ್ಲ ಎಂದು ಕೇರಿಯ ಪ್ರತಿ ಅಜ್ಜಿಗೂ ಗೊತ್ತು. ಬಾವಿಯ ಹಗ್ಗ ಮುಟ್ಟಿದರೆ ಮೈಲಿಗೆಯಾಗುವವನಿಗೆ ಆ ಹಗ್ಗ ಹಿಡಿದವಳನ್ನು ಮುಟ್ಟಿದರೆ ಮೈಲಿಗೆಯಿಲ್ಲ. ಇದು ನಮ್ಮಲ್ಲಿ ಮೂರು ತಲೆಮಾರಿನಿಂದ ಬಾಯಿಂದ ಬಾಯಿಗೆ ಬಂದ ತಿಳಿವಳಿಕೆ. ಕೋರ್ಟಿನ ಬಳಿ ಈ ತಿಳಿವಳಿಕೆ ಇರಲಿಲ್ಲ. ಇದ್ದದ್ದು ಶಾಸ್ತ್ರದ ತಿಳಿವಳಿಕೆ. ಜಾತಿಯ ಬಗ್ಗೆ ಜಾತಿ ತಾನೇ ಹೇಳಿಕೊಳ್ಳುವ ಕತೆಯನ್ನು ಕೋರ್ಟು ಪುರಾವೆ ಎಂದು ಸ್ವೀಕರಿಸಿತು. ಭಂವರಿ ಹುಟ್ಟಿನಿಂದ ದಲಿತಳಲ್ಲ, ಕುಶಲಕರ್ಮಿ ಜಾತಿಯವಳು. ಅವಳಿಗೇ ಹೀಗಾದರೆ ಅವಳಿಗಿಂತ ಕೆಳಗಿನ ಮೆಟ್ಟಿಲಲ್ಲಿ ನಿಂತವಳ ಪಾಡೇನು ಎಂದು ಯೋಚಿಸಿ.

ಅವಳ ಹೋರಾಟದಿಂದಾಗಿ 1997ರಲ್ಲಿ ವಿಶಾಖಾ ತೀರ್ಪು ಬಂತು. ಕಚೇರಿಗಳಲ್ಲಿ ದುಡಿಯುವ ಲಕ್ಷಾಂತರ ಹೆಣ್ಣುಮಕ್ಕಳಿಗೆ ರಕ್ಷಣೆ ಸಿಕ್ಕಿತು. ಅವಳ ಪ್ರಕರಣದ ಮೇಲ್ಮನವಿ ಮಾತ್ರ ಹೈಕೋರ್ಟಿನ ಕಡತಗಳಲ್ಲಿ ದಶಕಗಟ್ಟಲೆ ಕೊಳೆಯಿತು.

5

ಮೂರನೆಯ ಕಲ್ಲು ಮಾತು. ಹೇಳಿಕೆ ಮೊದಲಿನಿಂದ ಕೊನೆವರೆಗೆ ಒಂದೇ ಆಗಿದೆಯೇ?

ಸಾಹಿತ್ಯ ಓದುವವರಿಗೆ ಇದು ಬಹಳ ಆಸಕ್ತಿಯ ಜಾಗ. ನೊಂದಾಕೆ ಎಷ್ಟು ಸಲ ಕತೆ ಹೇಳಬೇಕು? ಮೊದಲು ಮನೆಯಲ್ಲಿ, ಆಮೇಲೆ ಠಾಣೆಯಲ್ಲಿ ಎಫ್.ಐ.ಆರ್.ಗೆ, ವೈದ್ಯರಿಗೆ, ತನಿಖಾಧಿಕಾರಿಗೆ, ಮ್ಯಾಜಿಸ್ಟ್ರೇಟರ ಎದುರು, ವರ್ಷಗಳಾದ ಮೇಲೆ ಕೋರ್ಟಿನಲ್ಲಿ. ಪ್ರತಿ ಸಲವೂ ಬರೆದುಕೊಳ್ಳುವವನು ಬೇರೆ, ಬರೆದುಕೊಳ್ಳುವ ಭಾಷೆ ಬೇರೆ. ಅವಳು 'ಕೆಟ್ಟ ಕೆಲಸ ಮಾಡ್ದ', 'ನನ್ನ ಕೆಡಿಸ್ದ' ಅಂದಿರುತ್ತಾಳೆ. ರೈಟರು ಅದನ್ನು 'ಸದರಿ ಆಸಾಮಿಯು ನನ್ನ ಮೇಲೆ ಬಲಾತ್ಕಾರವಾಗಿ' ಎಂದು ಶುರುಮಾಡಿ ತನ್ನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾನೆ. ಆಡಿದ ಎಷ್ಟೋ ಮಾತು ಬಿಟ್ಟುಹೋಗುತ್ತದೆ, ಆಡದ ಎಷ್ಟೋ ಸೇರುತ್ತದೆ. ಕೋರ್ಟಿನಲ್ಲಿ ಅವಳು ತನ್ನ ಮಾತಿನಲ್ಲಿ ಹೇಳಿದಾಗ ಎದುರು ವಕೀಲ ಕೇಳುತ್ತಾನೆ: 'ಇದನ್ನ ಪೊಲೀಸರ ಮುಂದೆ ಹೇಳಿಲ್ಲವಲ್ಲಮ್ಮ?' ಅವಳು 'ಹೇಳಿದ್ದೆ' ಅನ್ನುತ್ತಾಳೆ. ಕಾಗದದಲ್ಲಿ ಇಲ್ಲ. ಬಿಟ್ಟುಹೋದ ಮುಖ್ಯ ಸಂಗತಿಯನ್ನು ವೈರುಧ್ಯವೆಂದೇ ಎಣಿಸಲು ಕಾನೂನಿನಲ್ಲಿ ಅವಕಾಶವಿದೆ. ಹೀಗೆ ರೈಟರಿನ ಸೋಮಾರಿತನ ಅವಳ ಸುಳ್ಳಾಗಿ ಪರಿವರ್ತನೆಯಾಗುತ್ತದೆ.

ದಿನಾಂಕ, ಗಂಟೆ, ಎಷ್ಟು ಅಡಿ ದೂರ, ಯಾವ ದಿಕ್ಕು — ಈ ಲೆಕ್ಕದಲ್ಲಿ ಮಾತಾಡುವುದನ್ನು ಶಾಲೆ ಕಲಿಸುತ್ತದೆ. 'ಹೊತ್ತು ಮುಳುಗೋ ಹೊತ್ನಲ್ಲಿ, ದನ ಮನೆಗೆ ಬರೋ ಹೊತ್ಗೆ' ಎಂದು ಹೇಳುವವಳ ಕಾಲಗಣನೆ ತಪ್ಪಲ್ಲ. ಆದರೆ ಅದು ಕೋರ್ಟಿನ ಗಡಿಯಾರಕ್ಕೆ ಹೊಂದುವುದಿಲ್ಲ. ಅಪರಂಜಿಯಂಥ ಸಾಕ್ಷಿ ಬೇಕು ಎನ್ನುವಾಗ, ಆ ಅಪರಂಜಿ ಯಾವ ಶಾಲೆಯಲ್ಲಿ ತಯಾರಾಗುತ್ತದೆ ಎಂದೂ ಕೇಳಬೇಕಾಗುತ್ತದೆ.

ತಡವಾದದ್ದೂ ಹೀಗೇ. ಮೈಯೊಳಗಿನ ವೀರ್ಯದ ಕುರುಹು ಮೂರು ನಾಲ್ಕು ದಿನಗಳಾಚೆಗೆ ಸಿಗುವುದು ಕಷ್ಟ. ಆದರೆ ದೂರು ಕೊಡಲು ಕೇರಿಯಿಂದ ಠಾಣೆಗೆ ಹೋಗುವ ದಾರಿ ಗೌಡರ ಮನೆ ಮುಂದೆಯೇ ಹಾದುಹೋಗುತ್ತದೆ. ಪಂಚಾಯ್ತಿ ಸೇರುತ್ತದೆ, ರಾಜಿಯ ಮಾತು ಬರುತ್ತದೆ, ಕೂಲಿ ನಿಲ್ಲಿಸುವ ಬೆದರಿಕೆ ಬರುತ್ತದೆ. ಠಾಣೆಯಾದ ಮೇಲೆ ಆಸ್ಪತ್ರೆ. ಪೊಲೀಸರ ಪತ್ರವಿಲ್ಲದೆ ಮುಟ್ಟುವುದಿಲ್ಲ ಎಂದು ವಾಪಸು ಕಳಿಸುವ ವೈದ್ಯರ ಈ ಪರಿಪಾಠವನ್ನು ಸುಪ್ರೀಂ ಕೋರ್ಟು 2000ದಲ್ಲಿ ಖಂಡಿಸಿದ್ದು ನಮ್ಮ ರಾಜ್ಯದ್ದೇ ಪ್ರಕರಣದಲ್ಲಿ — ಕರ್ನಾಟಕ ಸರ್ಕಾರ ಮತ್ತು ಮಂಜಣ್ಣ. ಆಸ್ಪತ್ರೆಗಳೇ ವಿರಳವಾದ ಹಳ್ಳಿಗಾಡಿನಲ್ಲಿ ಹೀಗೆ ನಿರಾಕರಿಸಿದರೆ ಪುರಾವೆಯೇ ಅಳಿದುಹೋಗುತ್ತದೆ ಎಂದು ಕೋರ್ಟು ಹೇಳಿತು. 2013ರಿಂದ ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳು ಕೂಡಲೇ ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು.

ಉತ್ತರ ಪ್ರದೇಶದ ಹಾಥ್ರಸ್‌ನಲ್ಲಿ 2020ರ ಸೆಪ್ಟೆಂಬರ್ 14ರಂದು ಹತ್ತೊಂಬತ್ತರ ದಲಿತ ಯುವತಿಯ ಮೇಲೆ ಹಲ್ಲೆಯಾಯಿತು. ಸಾಮೂಹಿಕ ಅತ್ಯಾಚಾರದ ವಿವರವಾದ ಹೇಳಿಕೆ ದಾಖಲಾದದ್ದು 22ರಂದು. ಮಾದರಿಗಳು ಪ್ರಯೋಗಾಲಯ ಸೇರುವ ಹೊತ್ತಿಗೆ ಹನ್ನೊಂದು ದಿನ ಕಳೆದಿತ್ತು. 29ರಂದು ಅವಳು ತೀರಿಕೊಂಡಳು. ಮನೆಯವರನ್ನು ದೂರವಿಟ್ಟು ರಾತ್ರೋರಾತ್ರಿ ಪೊಲೀಸರೇ ಸುಟ್ಟರು. ವೀರ್ಯ ಸಿಗಲಿಲ್ಲ, ಆದ್ದರಿಂದ ಅತ್ಯಾಚಾರ ನಡೆದಿಲ್ಲ ಎಂದು ಹಿರಿಯ ಪೊಲೀಸ್ ಅಧಿಕಾರಿಯೊಬ್ಬರು ಪತ್ರಿಕೆಗಳಿಗೆ ಹೇಳಿದರು. ಹನ್ನೊಂದು ದಿನದ ಮೇಲೆ ವೀರ್ಯ ಹೇಗೆ ಸಿಕ್ಕೀತು? ಅತ್ಯಾಚಾರವೆನ್ನಲು ಕಾನೂನಿಗೆ ವೀರ್ಯವೇ ಬೇಕಾಗಿಲ್ಲ ಎಂಬುದು ಬೇರೆ ಮಾತು. 2023ರ ಮಾರ್ಚ್ 2ರಂದು ವಿಚಾರಣಾ ಕೋರ್ಟು ಮೂವರನ್ನು ಬಿಟ್ಟು, ಒಬ್ಬನಿಗೆ ಕೊಲೆಯಲ್ಲದ ನರಹತ್ಯೆ ಮತ್ತು ದೌರ್ಜನ್ಯ ಕಾಯಿದೆಯಡಿ ಜೀವಾವಧಿ ಶಿಕ್ಷೆ ಕೊಟ್ಟಿತು. ಅತ್ಯಾಚಾರ ರುಜುವಾತಾಗಿಲ್ಲ ಎಂದಿತು. ತಡವಾದ ತನಿಖೆ ಯಾರ ತಪ್ಪೋ, ಅದರ ಲಾಭ ಯಾರಿಗೋ.

6

ಇನ್ನು ಜಾತಿಯನ್ನೇ ರುಜುವಾತು ಮಾಡಬೇಕಾದ ಪ್ರಶ್ನೆ. 1989ರ ದೌರ್ಜನ್ಯ ತಡೆ ಕಾಯಿದೆಯ 3(2)(5) ಕಲಂ, ಪರಿಶಿಷ್ಟ ಜಾತಿ-ಪಂಗಡದವರು ಎಂಬ 'ಕಾರಣಕ್ಕಾಗಿ' ಅಪರಾಧ ಎಸಗಿರಬೇಕು ಎಂದಿತ್ತು. ಅತ್ಯಾಚಾರಿಯ ಮನಸ್ಸಿನೊಳಗೆ ಹೋಗಿ, ಕಾಮವೆಷ್ಟು ಜಾತಿಯೆಷ್ಟು ಎಂದು ಸೇರಿನಲ್ಲಿ ಅಳೆದು ತರಬೇಕಿತ್ತು. 2006ರ ಖೈರ್ಲಾಂಜಿಯಲ್ಲಿ ಒಂದೇ ದಲಿತ ಕುಟುಂಬದ ನಾಲ್ವರನ್ನು ಊರಿನವರು ಸೇರಿ ಕೊಂದರು. ಅದರಲ್ಲಿ ತಾಯಿ ಮತ್ತು ಮಗಳಿದ್ದರು. ವಿಚಾರಣಾ ಕೋರ್ಟು ಎಂಟು ಜನರಿಗೆ ಕೊಲೆಗೆ ಶಿಕ್ಷೆ ಕೊಟ್ಟಿತು. ಆದರೆ ದೌರ್ಜನ್ಯ ಕಾಯಿದೆಯೂ ನಿಲ್ಲಲಿಲ್ಲ, ಹೆಂಗಸರ ಮೇಲಿನ ಲೈಂಗಿಕ ಹಿಂಸೆಯೂ ನಿಲ್ಲಲಿಲ್ಲ. 2010ರಲ್ಲಿ ಹೈಕೋರ್ಟು ಕೂಡ ಅದನ್ನು ಸೇಡಿನ ಪ್ರಕರಣವೆಂದೇ ಕಂಡಿತು. ಸೇಡು ಇದ್ದಿರಬಹುದು. ಆದರೆ ಹೊಲದ ಹಕ್ಕು ಬಿಟ್ಟುಕೊಡದ, ತಲೆ ಎತ್ತಿ ನಡೆದ ದಲಿತ ಕುಟುಂಬದ ಮೇಲೆ ಇಡೀ ಊರಿಗೆ ಬರುವ ಸೇಡಿಗೆ ಬೇರೆ ಹೆಸರೇನು?

2015ರ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂತು. ಈಗ 'ಕಾರಣಕ್ಕಾಗಿ' ಎಂಬುದರ ಬದಲು, ಜಾತಿ 'ಗೊತ್ತಿದ್ದೂ' ಎಸಗಿದ್ದರೆ ಸಾಕು. ಆರೋಪಿಗೆ ನೊಂದವರ ಅಥವಾ ಅವರ ಮನೆಯವರ ಪರಿಚಯವಿತ್ತು ಎಂದಾದರೆ ಜಾತಿ ಗೊತ್ತಿತ್ತೆಂದೇ ಕೋರ್ಟು ಭಾವಿಸಬೇಕು. ಒಂದೇ ಊರಿನಲ್ಲಿ ಯಾರ ಜಾತಿ ಯಾರಿಗೆ ಗೊತ್ತಿರುವುದಿಲ್ಲ? 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಆಂಧ್ರದ ಪ್ರಕರಣವೊಂದು ಬಂತು. ಹುಟ್ಟುಗುರುಡಿಯಾದ ಪರಿಶಿಷ್ಟ ಜಾತಿಯ ಯುವತಿ ಧ್ವನಿಯಿಂದಲೇ ಆರೋಪಿಯನ್ನು ಗುರುತಿಸಿದ್ದಳು. ಅಂಗವಿಕಲರ ಸಾಕ್ಷ್ಯವನ್ನು ಕಡಿಮೆ ತೂಕದ್ದೆಂದು ನೋಡಬಾರದು, ಜಾತಿ-ಲಿಂಗ-ಅಂಗವೈಕಲ್ಯಗಳು ಹೆಣೆದುಕೊಂಡೇ ಅವಳನ್ನು ತುಳಿಯುತ್ತವೆ ಎಂದು ನ್ಯಾಯಮೂರ್ತಿ ಚಂದ್ರಚೂಡ್ ಬರೆದರು. ಅತ್ಯಾಚಾರಕ್ಕೆ ಕೊಟ್ಟ ಜೀವಾವಧಿ ಉಳಿಯಿತು. ಆದರೆ ಘಟನೆ ತಿದ್ದುಪಡಿಗೆ ಮೊದಲಿನದು. ಜಾತಿಯೇ ಕಾರಣ ಎಂಬುದಕ್ಕೆ ಪ್ರತ್ಯೇಕ ಪುರಾವೆ ಇಲ್ಲವೆಂದು ದೌರ್ಜನ್ಯ ಕಾಯಿದೆಯ ಶಿಕ್ಷೆ ಬಿದ್ದುಹೋಯಿತು. ತುಳಿತ ಹೆಣೆದುಕೊಂಡಿರುತ್ತದೆ ಎಂದು ಅರಿತ ಕೋರ್ಟಿಗೂ ಪುರಾವೆಯನ್ನು ಬಿಡಿಬಿಡಿಯಾಗಿ ಕೇಳಬೇಕಾಯಿತು.

7

ಹಾಗಾದರೆ ಹೆಣ್ಣು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ನಂಬಿ ಎನ್ನುವುದೇ? ಅಲ್ಲ. ಹಾಗೆ ಹೇಳುವ ಆತುರ ನಮಗಂತೂ ತಕ್ಕುದಲ್ಲ. 2003ರಲ್ಲಿ ಮಹಾರಾಷ್ಟ್ರದಲ್ಲಿ ನಡೆದ ಕೊಲೆ ಮತ್ತು ಅತ್ಯಾಚಾರಕ್ಕೆ ಅಲೆಮಾರಿ ಸಮುದಾಯದ ಆರು ಜನರನ್ನು ಹಿಡಿದು ತಂದರು. 2009ರಲ್ಲಿ ಸುಪ್ರೀಂ ಕೋರ್ಟೇ ಆರೂ ಜನರಿಗೆ ಗಲ್ಲು ಎಂದಿತು. 2019ರ ಮಾರ್ಚ್‌ನಲ್ಲಿ ಅದೇ ಕೋರ್ಟು ಮರುಪರಿಶೀಲಿಸಿ, ಆರೂ ಜನ ನಿರಪರಾಧಿಗಳು ಎಂದು ಬಿಟ್ಟು, ತಲಾ 5 ಲಕ್ಷ ಪರಿಹಾರ ಕೊಡಿಸಿತು. ಬದುಕುಳಿದ ಸಾಕ್ಷಿ ಪೊಲೀಸರ ಫೋಟೋ ಆಲ್ಬಮ್ಮಿನಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದ ಸಂಗತಿಯನ್ನು ತನಿಖೆ ಬದಿಗೆ ಸರಿಸಿತ್ತು. ಹದಿನಾರು ವರ್ಷದ ಜೈಲು, ಗಲ್ಲಿನ ನೆರಳು.

ಇದನ್ನು ಭಂವರಿಯ ತೀರ್ಪಿನ ಪಕ್ಕದಲ್ಲಿಟ್ಟು ಓದಿ. ಅಲ್ಲಿ ಮೇಲ್ಜಾತಿಯವನು ಇಂಥದ್ದು ಮಾಡಲಾರ ಎಂಬ ನಂಬಿಕೆ. ಇಲ್ಲಿ ಅಲೆಮಾರಿ ಮಾಡಿಯೇ ಇರುತ್ತಾನೆ ಎಂಬ ನಂಬಿಕೆ. ಎರಡೂ ಒಂದೇ ನಾಣ್ಯ. ಆದ್ದರಿಂದಲೇ ಯೋಗ್ಯ ಸಂಶಯದ ನಿಯಮವನ್ನು ಕೈಬಿಡುವಂತಿಲ್ಲ. ಅದು ನಮ್ಮವರನ್ನು ಕಾಯುವ ನಿಯಮವೂ ಹೌದು. ನಾವು ಕೇಳಬೇಕಾದದ್ದು ಸಂಶಯವೇ ಬೇಡ ಎಂದಲ್ಲ. ಸಂಶಯ ಪುರಾವೆಯಿಂದ ಹುಟ್ಟಲಿ, ಜಾತಿಯಿಂದ ಹುಟ್ಟಬಾರದು.

ಕಾರ್ಯಕರ್ತರಿಗೆ ಉಪಯೋಗವಾಗಬಹುದಾದ ಕೆಲವು ಮಾತು. ಎಫ್.ಐ.ಆರ್. ಅವಳ ಮಾತಿನಲ್ಲೇ ಬರೆಯಲಿ, ಓದಿ ಹೇಳಿದ ಮೇಲೆಯೇ ಸಹಿಯೋ ಹೆಬ್ಬೆಟ್ಟೋ ಬೀಳಲಿ. ಪ್ರತಿ ಪುಕ್ಕಟೆಯಾಗಿ ಪಡೆಯುವುದು ಹಕ್ಕು. ತೊಟ್ಟ ಬಟ್ಟೆ ಒಗೆಯದಂತೆ ನೋಡಿಕೊಳ್ಳಿ. ಠಾಣೆ ತಡಮಾಡಿದರೆ ನೇರ ಆಸ್ಪತ್ರೆಗೇ ಕರೆದೊಯ್ಯಿರಿ. ದೂರು ತಡವಾಗಿದ್ದರೆ ಯಾಕೆ ತಡವಾಯಿತು ಎಂಬ ಕಾರಣ ಅದರಲ್ಲೇ ಇರಲಿ. ವಿವರಿಸಿದ ತಡಕ್ಕೆ ಕೋರ್ಟು ಬೆಲೆ ಕೊಡುತ್ತದೆ. ದೌರ್ಜನ್ಯ ಕಾಯಿದೆಯ ತನಿಖೆಯನ್ನು ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಇದೊಂದು ಲೋಪದಿಂದಲೇ ಪ್ರಕರಣಗಳು ಬಿದ್ದುಹೋಗಿವೆ. ಜಾತಿ ಪ್ರಮಾಣಪತ್ರ ಮೊದಲೇ ಕಡತ ಸೇರಲಿ. ಆರೋಪಿ ಜಾಮೀನು ಕೇಳಿದಾಗ ನೊಂದವರ ಮಾತನ್ನೂ ಕೇಳಬೇಕೆಂದು 15ಎ ಕಲಂ ಹೇಳುತ್ತದೆ. ಮತ್ತು ನಮ್ಮ ಕರಪತ್ರಗಳಲ್ಲಿ ಅವಳ ಹೆಸರು, ಫೋಟೋ ಹಾಕುವುದನ್ನು ಬಿಡಬೇಕು. ಅದು ಅಪರಾಧವೂ ಹೌದು, ಅನ್ಯಾಯವೂ ಹೌದು.

ಲೇಖಕರಿಗೆ, ವಿದ್ಯಾರ್ಥಿಗಳಿಗೆ ಬೇರೆಯದೇ ಕೆಲಸವಿದೆ. ನಮ್ಮ ಜಿಲ್ಲಾ ಕೋರ್ಟುಗಳಲ್ಲಿ ಸಾಕ್ಷ್ಯ ಕನ್ನಡದಲ್ಲಿ ನಡೆಯುತ್ತದೆ. ಅಲ್ಲಿನ ಖುಲಾಸೆಯ ತೀರ್ಪುಗಳನ್ನು ಯಾರೂ ಓದುವುದಿಲ್ಲ, ಸುಪ್ರೀಂ ಕೋರ್ಟಿನವರೆಗೆ ಹೋಗುವ ಶಕ್ತಿ ಆ ಕುಟುಂಬಗಳಿಗಿರುವುದಿಲ್ಲ. ಎಂ.ಎ. ವಿದ್ಯಾರ್ಥಿಗಳು ಒಂದೊಂದು ಜಿಲ್ಲೆಯ ಹತ್ತು ವರ್ಷದ ತೀರ್ಪುಗಳನ್ನು ಹಿಡಿದು ಕೂತರೆ, 'ಸಹಜ ವರ್ತನೆ', 'ಸಂಭವನೀಯ', 'ನಂಬಲರ್ಹವಲ್ಲ' ಎಂಬ ಪದಗಳು ಯಾರ ಮಾತಿನ ಮುಂದೆ ಎಷ್ಟು ಸಲ ಬಂದಿವೆ ಎಂದು ಗುರುತು ಹಾಕಿದರೆ, ಅದಕ್ಕಿಂತ ದೊಡ್ಡ ದಲಿತ ವಿಮರ್ಶೆ ಇನ್ನೊಂದಿರಲಾರದು. 1979ರಲ್ಲಿ ನಾಲ್ಕು ಜನ ಅಧ್ಯಾಪಕರು ಒಂದು ತೀರ್ಪನ್ನು ಗಮನವಿಟ್ಟು ಓದಿದ್ದರಿಂದ ಒಂದು ಕಾನೂನು ಬದಲಾಯಿತು. ಓದು ಎಂಬುದು ಅಷ್ಟು ಶಕ್ತಿಯ ಕೆಲಸ. ಕೇರಿಯ ಹೆಣ್ಣುಮಗಳು ಕಟಕಟೆಯಲ್ಲಿ ನಿಂತು ಹೇಳಿದ ಒಂದು ಮಾತು ಯಾಕೆ ಕಾಗದಕ್ಕೆ ಇಳಿಯಲಿಲ್ಲ ಎಂದು ಕೇಳುವವರು ಇದ್ದಾರೆ ಎಂಬುದು ಕೋರ್ಟಿಗೂ ಗೊತ್ತಾಗಲಿ, ಅವಳಿಗೂ ಗೊತ್ತಾಗಲಿ.